ಹಟ್ಟಿಯೊಳಗೊಂದು ಕಾರು

ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂದು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತ ಬಂದವನು ನಾನು. ಆದರೆ ಸ್ವಂತಕ್ಕೊಂದು ಕಾರು ಕೊಳ್ಳುವ ಸಂದರ್ಭ ಬಂದಾಗ ಕಾಲನ್ನು ಮೊದಲು ಚಾಚಿ, ಹಾಸಿಗೆಯ ಉದ್ದವನ್ನು ಆಮೇಲೆ ಅಳೆದೆ. ಈ ವಿಪರೀತದಿಂದ ನಮ್ಮ ಮನೆಯಲ್ಲಿ ಏನೇನಾಯಿತೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ. ನನ್ನಂತೆಯೇ ಹಳೆಯ ಮನೆಯಲ್ಲಿದ್ದು ಹೊಸ ಕಾರು ಕೊಂಡವರು ನಮ್ಮ ಗಡಿಯ ಊರುಗಳಲ್ಲಿ ಹಲವರಿದ್ದಾರೆ. ಅವರಲ್ಲೊಬ್ಬರಿಗಾದರೂ ಇದು ಪ್ರಯೋಜನವಾದರೆ ನನ್ನ ನಾಚಿಕೆಗೆ ಬೆಲೆ ಬಂದಂತಾಯಿತು.

ಬದಿಯಡ್ಕ ಪೇಟೆಯಿಂದ ಒಳಗೆ, ಗುಡ್ಡದ ಮಗ್ಗುಲನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ನಮ್ಮ ಮನೆಯಿದೆ. ಹಿಂದೆ ಎರಡಾಳೆತ್ತರದ ದರೆ, ಮುಂದೆ ಅಂಗಳ, ಅಂಗಳದ ಅಂಚಿನಿಂದ ಕೆಳಕ್ಕೆ ಅಡಿಕೆ ತೋಟ. ಅಜ್ಜ ಮನೆ ಕಟ್ಟಿಸಿದ ಕಾಲದಲ್ಲಿ ಕಾರೆಂದರೆ ಅದು ಪೇಟೆಯಲ್ಲಿ ನಿಲ್ಲುವ ಬಾಡಿಗೆಯ ಅಂಬಾಸಿಡರು. ಅದು ನಮ್ಮ ಓಣಿಗೆ ಬಂದರೆ ಒಂದೋ ಮದುವೆ, ಇಲ್ಲವೇ ಬಾಣಂತಿ. ಆದುದರಿಂದ ಅಜ್ಜ ಕಟ್ಟಿಸಿದ್ದು ಹಟ್ಟಿಯನ್ನೇ ಹೊರತು ಕಾರಿನ ಶೆಡ್ಡನ್ನಲ್ಲ. ಅಪ್ಪನ ಕಾಲದಲ್ಲಿ ಅಲ್ಲಿ ಒಂದು ಜೋಡಿ ಎತ್ತುಗಳಿದ್ದುವು. ಗದ್ದೆಗಳೆಲ್ಲ ಅಡಿಕೆ ತೋಟಗಳಾದ ಮೇಲೆ ಎತ್ತುಗಳು ಹೋದುವು, ಹಟ್ಟಿ ಉಳಿಯಿತು. 2019ರ ಅಕ್ಟೋಬರಿನಲ್ಲಿ ಕಾರು ಬಂದಾಗ ಅದಕ್ಕೆ ಬೇರೆ ಠಾವಿರಲಿಲ್ಲ. ಹಲಸಿನ ಮರದ ಬುಡದಲ್ಲಿ ನಿಲ್ಲಿಸೋಣವೆಂದರೆ ಹಲಸಿನಹಣ್ಣು ಬೀಳುವ ಭಯ. ತೆಂಗಿನಡಿಯಲ್ಲಿ ಕಾಯಿ ಬೀಳುವ ಭಯ. ಬಯಲಿನಲ್ಲಿ ನಿಲ್ಲಿಸಿದರೆ ನಮ್ಮ ಆಟಿಯ ಮಳೆ. ಗೋದಲಿಯನ್ನು ಒಡೆದು, ನೆಲಕ್ಕೆ ಸಿಮೆಂಟು ಹಾಕಿಸಿ, ತಗಡಿನ ಬಾಗಿಲಿರಿಸಿ, ಹಟ್ಟಿಯನ್ನು ಶೆಡ್ಡೆಂದು ಕರೆದೆವು.

ಇನ್ನು ಅಳತೆಯ ವಿಚಾರ. ಹಟ್ಟಿಯ ಒಳಗಿನ ಅಗಲ ಏಳೂವರೆ ಅಡಿ, ಅಂದರೆ 90 ಅಂಗುಲ. ಕಾರಿನ ಅಗಲ, ಕನ್ನಡಿಗಳನ್ನು ಬಿಟ್ಟು, 1620 ಮಿಲಿಮೀಟರು, ಎಂದರೆ 64 ಅಂಗುಲ. ಉಳಿದ 26 ಅಂಗುಲಗಳನ್ನು ಸಮನಾಗಿ ಹಂಚಿದರೆ ಎರಡು ಬದಿಗಳಿಗೂ ಹದಿಮೂರು. ಹದಿಮೂರು ಅಂಗುಲಗಳಲ್ಲಿ ಬಾಗಿಲನ್ನು ತೆರೆದು ಹೊರಗೆ ಬರಲು ನಾನು ಇನ್ನೂ ಪ್ರಾಥಮಿಕ ಶಾಲೆಯ ವಿದ್ಯಾರ್ಥಿಯಾಗಿರಬೇಕಾಗಿತ್ತು. ಮೊದಲ ದಿನ ಕಾರನ್ನು ನಡುಮಧ್ಯದಲ್ಲಿ ನಿಲ್ಲಿಸಿ, ಅದರೊಳಗೆ ಬಂದಿಯಾಗಿ ಕುಳಿತು, ಹೊರಗೆ ಹೆಂಡತಿ ನಗುವುದನ್ನು ಕೇಳಿದೆನಲ್ಲದೆ ಬೇರೇನೂ ಮಾಡಲಾಗಲಿಲ್ಲ. ಎಡಬದಿಗೆ ಆರು ಅಂಗುಲ, ಚಾಲಕನ ಬದಿಗೆ ಇಪ್ಪತ್ತು ಅಂಗುಲ ಎಂಬ ಪಾಲು ಪಟ್ಟಿಗೆ ಬರಲು ಒಂದು ವಾರ ಹಿಡಿಯಿತು. 1983ರ ಡಿಸೆಂಬರಿನಲ್ಲಿ ಬಂದು ದೇಶದ ಮಧ್ಯಮವರ್ಗದವರಿಗೆಲ್ಲ ಕಾರಿನ ಆಸೆ ಹಚ್ಚಿದ ಮಾರುತಿ 800ರ ಅಗಲ 1440 ಮಿಲಿಮೀಟರು ಮಾತ್ರ. ಅದಾಗಿದ್ದರೆ ನನಗೆ ಇನ್ನೂ ಏಳು ಅಂಗುಲ ದಕ್ಕುತ್ತಿತ್ತು. ಆದರೆ ಅದರ ತಯಾರಿ 2014ರಲ್ಲೇ ನಿಂತುಹೋಗಿತ್ತು.

ಅಗಲದ ಕಷ್ಟ ಹೀಗಾದರೆ ತಿರುವಿನ ಕಷ್ಟ ಬೇರೆಯೇ. ಓಣಿಯಿಂದ ಅಂಗಳಕ್ಕೆ ಬಂದ ಕಾರು ಹಟ್ಟಿಯನ್ನು ಹೊಗಬೇಕಾದರೆ ಒಂದು ಲಂಬಕೋನ ತಿರುಗಬೇಕು. ನಮ್ಮ ಕಾರು ಪೂರ್ತಿಯಾಗಿ ಒಂದು ಸುತ್ತು ತಿರುಗಲು ಬೇಕಾದ ವೃತ್ತದ ತ್ರಿಜ್ಯ 4.7 ಮೀಟರು ಎಂದು ಕೈಪಿಡಿಯಲ್ಲಿದೆ. ವ್ಯಾಸ ಸುಮಾರು 31 ಅಡಿಯಾಯಿತು. ಅಂಗಳದ ಅಗಲವೋ 24 ಅಡಿ. ಅದೂ ಮಳೆಗಾಲದ ಲೆಕ್ಕ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಂಗಳ ಅಡಿಕೆಯ ಸ್ವಾಧೀನ. ಒಂದು ಕೊಯ್ಲಿನ ಅಡಿಕೆ ಚೆನ್ನಾಗಿ ಒಣಗಲು 40-45 ದಿನಗಳ ಬಿಸಿಲು ಬೇಕು. ಅಷ್ಟರಲ್ಲಿ ಮುಂದಿನ ಕೊಯ್ಲು ಬಂದು ಪಕ್ಕದಲ್ಲಿ ಹರಡಿಕೊಳ್ಳುತ್ತದೆ. ಕಾರಿನ ಸಾಲವನ್ನು ತೀರಿಸುವುದು ಅಡಿಕೆಯೇ ಆದ ಕಾರಣ ಕಾರಿಗಾಗಿ ಅಡಿಕೆಯನ್ನು ಸರಿಸೆಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೀಗೆ ಒಂದು ಕಡೆ ಅಡಿಕೆ, ಇನ್ನೊಂದು ಕಡೆ ತುಳಸಿಕಟ್ಟೆ, ಮುಂದೆ ಹಟ್ಟಿಯ ಮುರಕಲ್ಲಿನ ಕಂಬ. ಕಂಬದ ಮೂಲೆಗೆ ನನ್ನ ಕಾರು ಮೂರು ಸಲ ತನ್ನ ಬಣ್ಣವನ್ನು ಧಾರೆಯೆರೆಯಿತು.

ನನಗೆ ಕಾರು ಬಿಡಲು ಬರುತ್ತಿರಲಿಲ್ಲವೆಂದಲ್ಲ. ನಲುವತ್ತೆಂಟರ ಪ್ರಾಯದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಚಾಲನೆ ಕಲಿತು, ಲೈಸೆನ್ಸಿನ ಪರೀಕ್ಷೆಗೆ ಹೋದವನು ನಾನು. ಕೇರಳದಲ್ಲಿ ಆ ಪರೀಕ್ಷೆಯೆಂದರೆ ‘ಎಚ್’ ಎಂಬುದು ಎಲ್ಲರಿಗೂ ತಿಳಿದದ್ದೇ. ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ನೆಟ್ಟ ಕೋಲುಗಳ ನಡುವೆ ಮುಂದಕ್ಕೂ ಹಿಂದಕ್ಕೂ ಕಾರನ್ನು ನಡೆಸಬೇಕು. ಕೋಲು ಬಿದ್ದರೆ ಅನುತ್ತೀರ್ಣ. ನಾನು ಮೊದಲ ಸಲದಲ್ಲೇ ಉತ್ತೀರ್ಣನಾದೆ. ಆದರೆ ಪರೀಕ್ಷೆಗೆ ಓದಿದ್ದು ಬದುಕಿಗೆ ಬರುವುದಿಲ್ಲವೆಂದು ನಾವು ಶಿಕ್ಷಕರು ಮಕ್ಕಳ ಬಗ್ಗೆ ದೂರುತ್ತೇವಲ್ಲ, ಅದು ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಮೈದಾನದಲ್ಲಿ ಹಿಂದಕ್ಕೆ ಹೋಗಲು ಬಲ್ಲವನು ಮನೆಯಲ್ಲಿ ಮುಂದಿನಿಂದಲೇ ಹಟ್ಟಿಗೆ ನುಗ್ಗುತ್ತಿದ್ದೆ. ಶಾಲೆ ಬಿಟ್ಟು ಬಂದಾಗ ದಣಿವು, ಒಮ್ಮೆ ಒಳಗೆ ಸೇರಿದರೆ ಸಾಕೆಂಬ ಆತುರ. ಹೊರಗೆ ತರುವ ಕಷ್ಟ ನಾಳೆ ಬೆಳಗ್ಗಿನದು ಎಂಬ ಸಮಾಧಾನ.

ಮೂರನೆಯ ಸಲ ಕಂಬ ತಾಗಿದ ರಾತ್ರಿ ನಾನು ಜಗಲಿಯ ನೆಲದಲ್ಲಿ ಸೀಮೆಸುಣ್ಣದಿಂದ ಅಂಗಳದ ನಕ್ಷೆ ಬರೆದು, ಬೆಂಕಿಪೊಟ್ಟಣವನ್ನು ಕಾರೆಂದು ಕಲ್ಪಿಸಿ, ಅತ್ತಿತ್ತ ಸರಿಸಿ ನೋಡಿದೆ. ತಿಳಿದುದರಿಂದ ತಿಳಿಯದುದರೆಡೆಗೆ ಹೋಗಬೇಕೆಂದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ತಿಳಿದದ್ದು ಎತ್ತಿನ ಗಾಡಿ. ಗಾಡಿ ತಿರುಗುವಾಗ ಒಳಬದಿಯ ಚಕ್ರ ಸಣ್ಣ ವೃತ್ತದಲ್ಲಿಯೂ ಹೊರಬದಿಯ ಚಕ್ರ ದೊಡ್ಡ ವೃತ್ತದಲ್ಲಿಯೂ ಸಾಗುತ್ತವೆ. ನಾಲ್ಕು ಚಕ್ರಗಳ ಕುದುರೆಗಾಡಿಗಳಲ್ಲಿ ಇದು ತೊಡಕಾದುದರಿಂದ ಮ್ಯೂನಿಕ್ ನಗರದ ಲಾಂಕನ್‌ಸ್ಪೆರ್ಗರ್ ಎಂಬ ಗಾಡಿ ತಯಾರಕನು ಮುಂದಿನ ಎರಡು ಚಕ್ರಗಳೂ ಬೇರೆ ಬೇರೆ ಕೋನಗಳಲ್ಲಿ ತಿರುಗುವ ಏರ್ಪಾಡನ್ನು ಕಂಡುಹಿಡಿದನು. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದ ಆಕರ್‌ಮನ್‌ನ ಹೆಸರು ಅದಕ್ಕೆ ನಿಂತಿತು. ಇಂದಿನ ಕಾರುಗಳ ಸ್ಟೇರಿಂಗಿಗೂ ಮೂಲತತ್ತ್ವ ಅದೇ. ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಹಿಂದಿನವು ನೇರವಾಗಿಯೇ ಇದ್ದು ಎಳೆದತ್ತ ಬರುತ್ತವೆ, ಬರುವಾಗ ತಿರುವಿನ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಮುಂದಿನಿಂದ ಹಟ್ಟಿಗೆ ಹೊಗುವಾಗ ಮೂತಿ ಸುರಕ್ಷಿತವಾಗಿ ಒಳಗಾದರೂ ಸೊಂಟ ಕಂಬಕ್ಕೆ ಉಜ್ಜುವುದು ಈ ಕಾರಣದಿಂದ. ಹಿಂದಿನಿಂದ ಹೊಗಿಸಿದರೆ ತಿರುಗದ ಚಕ್ರಗಳು ಮೊದಲು ಬಾಗಿಲನ್ನು ಸೇರುತ್ತವೆ. ತಿರುಗುವ ಮೂತಿ ಅಂಗಳದ ಬಯಲಿನಲ್ಲಿ ಬೇಕಾದಂತೆ ಆಡಬಹುದು. ಆ ಮೂತಿ ಹೊರಕ್ಕೆ ಬೀಸುವಾಗ ತುಳಸಿಕಟ್ಟೆಯೊಂದನ್ನು ನೋಡಿಕೊಂಡರೆ ಸಾಕು.

ಇಷ್ಟೆಲ್ಲ ತಿಳಿದೂ ನಾನು ಅಭ್ಯಾಸವನ್ನು ಬದಲಿಸಲಿಲ್ಲ. ತಿಳಿವಳಿಕೆಯಿಂದ ಅಭ್ಯಾಸ ಬದಲಾಗುವುದಿದ್ದರೆ ಶಾಲೆಗಳಿಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಕಾರು ಕೊಂಡ ಮುಖ್ಯ ಕಾರಣವನ್ನು ಇನ್ನೂ ಹೇಳಲಿಲ್ಲ. ಅದು ಅಪ್ಪ. ಎಂಬತ್ತು ಸಮೀಪಿಸಿದ್ದ ಅವರಿಗೆ ಎದೆಯ ತೊಂದರೆ ಹಿಂದಿನಿಂದಲೇ ಇತ್ತು. ನಮ್ಮ ಕಡೆಯ ಬಹುಮಂದಿಯಂತೆ ನಮ್ಮ ಆಸ್ಪತ್ರೆಯೂ ಮಂಗಳೂರು, ಸುಮಾರು 50 ಕಿಲೋಮೀಟರು ದೂರ. ನಡುವೆ ತಲಪಾಡಿಯ ಗಡಿ. ಕಾರು ಬಂದು ಆರು ತಿಂಗಳು ತುಂಬುವುದರೊಳಗೆ, 2020ರ ಮಾರ್ಚಿನಲ್ಲಿ, ಕೋವಿಡ್ ಕಾರಣದಿಂದ ಆ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಹೊರಟ ರೋಗಿಗಳು ದಾರಿಯಿಲ್ಲದೆ ತೀರಿಕೊಂಡ ಸುದ್ದಿಗಳು ನಮ್ಮ ಜಿಲ್ಲೆಯಿಂದ ಒಂದಾದ ಮೇಲೊಂದು ಬಂದುವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆಗಳನ್ನು ತೆಗೆಸಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಆ ತಿಂಗಳಲ್ಲೇ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ಆ ದಿನಗಳಲ್ಲಿ ಅಪ್ಪನ ಮದ್ದಿನ ಪೊಟ್ಟಣಗಳನ್ನು ಎಣಿಸುತ್ತ, ಹಟ್ಟಿಯಲ್ಲಿ ಮೂತಿಯನ್ನು ದರೆಯ ಕಡೆಗಿಟ್ಟು ನಿಂತ ಕಾರನ್ನು ನೋಡುತ್ತ, ಎಲ್ಲ ಅಡ್ಡಿಗಳೂ ಹೊರಗಿನವೇ ಎಂದು ನಾನು ನಂಬಿದೆ. ಅವರ ಪುಣ್ಯ, ಆ ಕಾಲ ಹೇಗೋ ಕಳೆಯಿತು. ಗಡಿಯ ತಡೆ ತೆರವಾಯಿತು. ಹಟ್ಟಿಯ ತಡೆ ಹಾಗೆಯೇ ಉಳಿಯಿತು.

2022ರ ಜುಲೈ ತಿಂಗಳ ಒಂದು ರಾತ್ರಿ. ಎರಡು ಗಂಟೆಯ ಹೊತ್ತಿಗೆ ಅಪ್ಪ ಕರೆದರು. ಎದೆಯಲ್ಲಿ ಕಲ್ಲಿಟ್ಟ ಹಾಗೆ ಆಗುತ್ತದೆ ಎಂದರು, ಮೈಯೆಲ್ಲ ಬೆವರಿತ್ತು. ಹೊರಗೆ ಆಕಾಶವೇ ಹರಿದಂತೆ ಮಳೆ, ಕರೆಂಟು ಸಂಜೆಯೇ ಹೋಗಿತ್ತು, ಫೋನಿಗೆ ಸಿಗ್ನಲಿಲ್ಲ. ಬೇರೆ ವಾಹನಕ್ಕೆ ಕಾಯುವಂತಿರಲಿಲ್ಲ. ಕಾರು ಎಂದಿನಂತೆ ಮೂತಿ ಒಳಗಾಗಿ ನಿಂತಿತ್ತು. ನಾನು ಅದನ್ನು ಹಿಂದಕ್ಕೆ ತರಬೇಕು, ಕತ್ತಲಲ್ಲಿ, ಮಂಜು ಹಿಡಿದ ಹಿಂಗನ್ನಡಿಯನ್ನು ನಂಬಿ. ಹೆಂಡತಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು ಹಿಡಿದು “ಬಲಕ್ಕೆ, ಬಲಕ್ಕೆ” ಎಂದಳು. ಅವಳು ನನಗೆದುರಾಗಿ ನಿಂತಿದ್ದಳು. ಅವಳ ಬಲ ನನ್ನ ಎಡ. ಪಾಚಿ ಕಟ್ಟಿದ ಅಂಗಳದಲ್ಲಿ ಚಕ್ರ ಜಾರಿತು, ಕಾರು ಓರೆಯಾಗಿ ಹೋಗಿ, ಹಿಂದಿನ ಚಕ್ರವೊಂದು ಅಂಗಳದಂಚಿನ ನೀರು ಹೋಗುವ ಕಣಿಗೆ ಇಳಿಯಿತು. ಅವಳು ನೆರೆಮನೆಗೆ ಓಡಿ ಇಬ್ಬರು ಹುಡುಗರನ್ನು ಎಬ್ಬಿಸಿ ತಂದಳು. ಹಲಗೆ ಕೊಟ್ಟು, ಎತ್ತಿ, ನೂಕಿ, ಕಾರನ್ನು ಓಣಿಯ ಕಡೆಗೆ ತಿರುಗಿಸುವಾಗ ಇಪ್ಪತ್ತೈದು ನಿಮಿಷಗಳು ಕಳೆದಿದ್ದುವು. ಅಷ್ಟು ಹೊತ್ತೂ ಅಪ್ಪ ಜಗಲಿಯ ಕಂಬಕ್ಕೆ ಒರಗಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಸುಮ್ಮನೆ ನಮ್ಮನ್ನು ನೋಡುತ್ತಿದ್ದರು.

ಅಪ್ಪ ಉಳಿದರು. ಹೃದಯದ ರಕ್ತನಾಳ ಮುಚ್ಚಿದಷ್ಟು ಹೊತ್ತೂ ಅದನ್ನು ನೆಚ್ಚಿದ ಸ್ನಾಯು ಸಾಯುತ್ತಲೇ ಹೋಗುತ್ತದೆಂದೂ ಒಮ್ಮೆ ಸತ್ತದ್ದು ಮರಳಿ ಚಿಗುರುವುದಿಲ್ಲವೆಂದೂ ವೈದ್ಯರು ವಿವರಿಸಿದರು. ಇನ್ನಷ್ಟು ಬೇಗ ತಂದಿದ್ದರೆ ಒಳ್ಳೆಯದಿತ್ತು ಎಂದರು. ದೂರದ ಊರಲ್ಲವೇ ಎಂದು ಅವರೇ ಸಮಾಧಾನವನ್ನೂ ಹೇಳಿದರು. ಆ ಸಮಾಧಾನವನ್ನು ನಾನು ಅರ್ಹತೆಯಿಲ್ಲದೆ ಸ್ವೀಕರಿಸಿದೆ. ಇಪ್ಪತ್ತೈದು ನಿಮಿಷಗಳ ಸಂಗತಿಯನ್ನು ಅವರಿಗೆ ಹೇಳಲಿಲ್ಲ.

ಆಸ್ಪತ್ರೆಯಿಂದ ಮರಳಿದ ಮೇಲೆ ಅಪ್ಪ ತೋಟಕ್ಕಿಳಿಯುವುದು ನಿಂತಿತು. ಜಗಲಿಯೇ ಅವರ ಲೋಕವಾಯಿತು. ನಾನು ಒಂದು ಸಂಜೆ ಕಾರನ್ನು ಹಟ್ಟಿಯ ಮುಂದೆ ನಿಲ್ಲಿಸಿ, ಏನು ಮಾಡಲೆಂದು ತೋಚದೆ ಕುಳಿತಿದ್ದಾಗ ಅವರು ಕರೆದರು. “ಎತ್ತು ಯಾಕೆ ಮೋರೆ ಒಳಗೆ ಮಾಡಿ ನಿಲ್ಲುತ್ತದೆ, ಹೇಳು ನೋಡುವ,” ಎಂದರು. ಒಳಗೆ ಗೋದಲಿಯಲ್ಲಿ ಹುಲ್ಲು ಇರುತ್ತದಲ್ಲ ಎಂದೆ. “ಇದು ಹುಲ್ಲು ತಿನ್ನುವುದಿಲ್ಲವಲ್ಲ ಮಗಾ. ಮತ್ತೆ ಯಾಕೆ ಒಳಗೆ ಮೋರೆ?” ಎಂದು ನಕ್ಕರು. ಆ ರಾತ್ರಿಯ ಬಗ್ಗೆ ಅವರು ನನ್ನೊಡನೆ ಆಡಿದ್ದು ಇದೊಂದೇ ಮಾತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಕಾರಿನ ಮೋರೆ ಹೊರಗೆ. ಎಷ್ಟೇ ದಣಿದಿರಲಿ, ಎಂತಹ ಮಳೆಯಿರಲಿ, ಹಿಂದಿನಿಂದಲೇ ಹೊಗಿಸುವುದು. ಸಂಜೆ ನಮಗೆ ಸಮಯವಿರುತ್ತದೆ, ಬೆಳಕಿರುತ್ತದೆ, ನಾಲ್ಕು ಸಲ ಹಿಂದೆಮುಂದೆ ಮಾಡಿದರೆ ನಷ್ಟವಿಲ್ಲ. ನಡುರಾತ್ರಿ ಇವು ಯಾವುವೂ ಇರುವುದಿಲ್ಲ. ಕಷ್ಟದ ಭಾಗವನ್ನು ಪುರಸೊತ್ತಿನ ಹೊತ್ತಿನಲ್ಲಿ ಮುಗಿಸಿಡುವುದು, ಇಷ್ಟೇ ಇದರ ಗುಟ್ಟು.

ಎಡಬಲಗಳ ಜಗಳವನ್ನು ಹೆಂಡತಿಯೇ ಬಗೆಹರಿಸಿದಳು. “ನಿಮ್ಮ ಬಲ, ನನ್ನ ಬಲ ಎಲ್ಲ ಬೇಡ. ಹಿಂದು ಯಾವ ಕಡೆಗೆ ಬರಬೇಕೋ ಆ ಕಡೆ ಹೇಳುತ್ತೇನೆ, ಬಾವಿಗೆ ಎಂದರೆ ಬಾವಿಯ ಕಡೆ, ಹಲಸಿಗೆ ಎಂದರೆ ಹಲಸಿನ ಕಡೆ,” ಎಂದಳು. ಬಾವಿಯೂ ಹಲಸೂ ನಿಂತಲ್ಲೇ ನಿಲ್ಲುವ ಸಾಕ್ಷಿಗಳು. ಯಾರು ಎತ್ತ ಮುಖ ಮಾಡಿದರೂ ಅವು ಬದಲಾಗುವುದಿಲ್ಲ. ಮಳೆಯ ಸದ್ದಿನಲ್ಲಿ ಮಾತು ಕೇಳಿಸದಾಗ ತಗಡಿನ ಬಾಗಿಲಿಗೆ ಬಡಿಯುವುದು. ನಮ್ಮ ಬಸ್ಸುಗಳ ಗಂಟೆಯ ಕ್ರಮವೇ ಅದಕ್ಕೂ ಕ್ರಮ. ಎರಡು ಹೊಡೆದರೆ ಬರಬಹುದು, ಒಂದು ಹೊಡೆದರೆ ನಿಲ್ಲಬೇಕು.

ಆ ಒಂದು ಹೊಡೆತದ ಬೆಲೆ 2023ರ ಜನವರಿಯಲ್ಲಿ ತಿಳಿಯಿತು. ಅಂಗಳದಲ್ಲಿ ಅಡಿಕೆ ಹರಡಿತ್ತು. ನಾನು ಹಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದೆ. 2019ರ ಜುಲೈ 1ರಿಂದ ಈಚೆಗೆ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಹಿಂದೆ ಅಡ್ಡಿಯಿದ್ದರೆ ಕೂಗುವ ಉಪಕರಣ ಕಡ್ಡಾಯ; ನಮ್ಮದರಲ್ಲಿಯೂ ಅದಿದೆ. ಹಟ್ಟಿಯ ಕಂಬ ಹತ್ತಿರವಾದೊಡನೆ ಅದು ದಿನವೂ ಕೂಗುತ್ತದೆ, ಅಂದೂ ಕೂಗಿತು. ನಾನು ಎಂದಿನಂತೆ ಅಲಕ್ಷಿಸಿದೆ. ಅಷ್ಟರಲ್ಲಿ ಬಾಗಿಲಿಗೆ ಒಂದೇ ಒಂದು ಹೊಡೆತ, ಹಟ್ಟಿಯೇ ಅದುರುವಂತೆ. ನಿಲ್ಲಿಸಿ ಇಳಿದು ನೋಡಿದರೆ ಕಾರಿನ ಹಿಂದೆ ಎರಡು ಮೊಳ ದೂರದಲ್ಲಿ ಅಪ್ಪ ಬಗ್ಗಿ, ಹಟ್ಟಿಯೊಳಕ್ಕೆ ಉರುಳಿದ ಅಡಿಕೆಗಳನ್ನು ಹೆಕ್ಕುತ್ತಿದ್ದರು. ಅವರಿಗೆ ಕಿವಿ ಮಂದವಾಗಿತ್ತು. ಉಪಕರಣ ಕೂಗಿದ್ದು ಕಂಬಕ್ಕೋ ಅಪ್ಪನಿಗೋ ನನಗಿಂದಿಗೂ ಗೊತ್ತಿಲ್ಲ. ಅದರ ಸ್ವರ ಎರಡಕ್ಕೂ ಒಂದೇ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಲ್ಲೆಲ್ಲ ಹಿಂಬದಿಯನ್ನು ತೋರಿಸುವ ಕ್ಯಾಮರಾ ಕಡ್ಡಾಯವಾಗಿದೆ. ಅದಕ್ಕೆ ಮೂಲವಾದ ಕಾನೂನು ಎರಡು ವರ್ಷದ ಒಂದು ಮಗುವಿನ ಹೆಸರಿನಲ್ಲಿದೆ. 2002ರಲ್ಲಿ, ಸ್ವಂತ ಮನೆಯ ದಾರಿಯಲ್ಲಿ, ವೈದ್ಯನಾದ ತಂದೆಯೇ ವಾಹನವನ್ನು ಹಿಂದಕ್ಕೆ ತರುತ್ತಿದ್ದಾಗ ಆ ಮಗು ಅಡಿಯಾಗಿತ್ತು. ಅದನ್ನು ಓದಿದಾಗ ನನಗೆ ಅದು ದೂರದ ದೇಶದ ಸುದ್ದಿಯೆನಿಸಲಿಲ್ಲ. ಅಂದಿನಿಂದ ಕಾರು ಹತ್ತುವ ಮೊದಲು ಅದನ್ನು ಒಂದು ಸುತ್ತು ಬರುತ್ತೇನೆ, ಹಟ್ಟಿಯೊಳಗೂ ಒಮ್ಮೆ ಇಣುಕುತ್ತೇನೆ.

ಇನ್ನೊಂದು ಎಚ್ಚರಿಕೆಯನ್ನು ನಮ್ಮೂರಿನ ಹಿರಿಯ ಸುರಂಗದ ಕೆಲಸಗಾರರೊಬ್ಬರು ಹೇಳಿದರು. ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದು ನೀರು ತರುವ ನಮ್ಮ ಕಡೆಯ ಸುರಂಗಗಳನ್ನು ವಾಚಕರು ಬಲ್ಲರು. ಇಕ್ಕಟ್ಟಿನ ಶಾಸ್ತ್ರದಲ್ಲಿ ಅದನ್ನು ತೋಡಿದವರಿಗಿಂತ ದೊಡ್ಡ ಪಂಡಿತರಿಲ್ಲ. ಮಳೆಗೆ ಬಾಗಿಲು ಹಾಕಿಕೊಂಡು, ಬ್ಯಾಟರಿ ಇಳಿಯದಿರಲೆಂದು ನಾನು ಹಟ್ಟಿಯೊಳಗೆ ಎಂಜಿನನ್ನು ಓಡಿಸುತ್ತಿದ್ದುದನ್ನು ಕಂಡು ಅವರೆಂದರು: “ಮಾಷ್ಟ್ರೇ, ನಾವು ಒಳಗೆ ಹೋಗುವಾಗ ಮೇಣದ ಬತ್ತಿ ಹಚ್ಚಿಕೊಂಡು ಹೋಗುತ್ತಿದ್ದೆವು. ಬತ್ತಿ ಕುಂದಿದರೆ ಹೊರಗೆ ಓಟ. ನೀವು ಹೊಗೆ ಬಿಟ್ಟುಕೊಂಡು ಬಾಗಿಲು ಹಾಕುತ್ತೀರಲ್ಲ!” ವಾಸ್ತವವಾಗಿ ಕಾರಿನ ಹೊಗೆ ಸುರಂಗದ ಗಾಳಿಗಿಂತಲೂ ಮೋಸದ್ದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬತ್ತಿಯನ್ನು ಕುಂದಿಸದೆಯೇ ಮನುಷ್ಯನನ್ನು ಮಲಗಿಸಬಲ್ಲುದು. ಈಗ ಬಾಗಿಲು ಪೂರ್ತಿ ತೆರೆಯದೆ ನಾನು ಕೀಲಿ ತಿರುಗಿಸುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಕಲಿಸದಿರಲು ಶಿಕ್ಷಕನಿಂದಾಗುತ್ತದೆಯೇ? ಏಳನೆಯ ತರಗತಿಗೆ ವೃತ್ತದ ಪಾಠ ಮಾಡುವಾಗ ಕರಿಹಲಗೆಯಲ್ಲಿ ನಮ್ಮ ಅಂಗಳವನ್ನೇ ಬರೆದು, ತ್ರಿಜ್ಯವನ್ನೂ ಲಂಬಕೋನವನ್ನೂ ಕಾರಿನಿಂದಲೇ ವಿವರಿಸಿ, ಕೊನೆಗೆ ಮೋರೆ ಹೊರಗಿರಲೆಂದು ಉಪದೇಶಿಸಿದೆ. ಮಕ್ಕಳು ಹಿಂದೆಂದೂ ಅಷ್ಟು ಆಸಕ್ತಿಯಿಂದ ವೃತ್ತದ ಪಾಠ ಕೇಳಿದ್ದಿಲ್ಲ. ವಾರ ಕಳೆದ ಮೇಲೆ ಒಬ್ಬ ಹುಡುಗ ಹೆಮ್ಮೆಯಿಂದ ಬಂದು, “ಸರ್, ನಮ್ಮ ಜೀಪನ್ನೂ ಈಗ ಮೋರೆ ಹೊರಗೆ ಇಡುತ್ತೇವೆ. ಅಪ್ಪ ಹಿಂದಕ್ಕೆ ತರುವಾಗ ದಾರಿ ಹೇಳಲು ಹಿಂದೆ ನಾನೇ ನಿಲ್ಲುವುದು,” ಎಂದನು.

ನನ್ನ ಎದೆ ಧಸಕ್ಕೆಂದಿತು. ಪಾಠದ ಅರ್ಧವನ್ನಷ್ಟೇ ನಾನು ಕಲಿಸಿದ್ದೆ. ಮರುದಿನ ಕರಿಹಲಗೆಯಲ್ಲಿ ಅದೇ ಚಿತ್ರವನ್ನು ಮತ್ತೊಮ್ಮೆ ಬರೆದು, ಹಿಂದೆ ಯಾರೂ ನಿಲ್ಲತಕ್ಕದ್ದಲ್ಲ, ದಾರಿ ಹೇಳುವ ಹಿರಿಯರು ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಬದಿಯಲ್ಲಿ ನಿಲ್ಲಬೇಕು, ಅವರು ಕನ್ನಡಿಯಿಂದ ಮರೆಯಾದ ಕ್ಷಣವೇ ಕಾರು ನಿಲ್ಲಬೇಕು, ಮಕ್ಕಳು ಜಗಲಿಯಿಂದ ಇಳಿಯಬಾರದು ಎಂದು ಒಂದೊಂದಾಗಿ ಬರೆಸಿದೆ. ಆ ಹುಡುಗನ ತಂದೆಯನ್ನು ಸಂಜೆಯೇ ಕಂಡು ಮಾತನಾಡಿದೆ. ನಮ್ಮ ಮನೆಯಲ್ಲಿಯೂ ಹೆಂಡತಿಯ ನಿಲುದಾಣವನ್ನು ಬದಲಿಸಿ, ಬಾವಿಯ ಬದಿಯಲ್ಲಿ, ಬಾಗಿಲಿನ ಹೊರಗೆ, ನನ್ನ ಕನ್ನಡಿಗೆ ಸಿಗುವಲ್ಲಿ ಗೊತ್ತುಮಾಡಿದೆ. ಅಲ್ಲಿಯವರೆಗೆ ಅವಳೂ ಹಟ್ಟಿಯೊಳಗೆ, ಕಾರಿಗೂ ಗೋಡೆಗೂ ನಡುವೆಯೇ ನಿಲ್ಲುತ್ತಿದ್ದಳು.

2024ರಲ್ಲಿ ಅಪ್ಪ ತೀರಿಕೊಂಡರು. ಬೆಳಗ್ಗೆ ಕಾಫಿ ಕೊಡಲು ಹೋದಾಗ ಮಲಗಿದ್ದಲ್ಲೇ ಹೋಗಿದ್ದರು. ಕಾರು ಮೋರೆ ಹೊರಗಾಗಿ ನಿಂತಿತ್ತು, ಅದಕ್ಕೆ ಕೆಲಸವಿರಲಿಲ್ಲ. ಆ ಇಪ್ಪತ್ತೈದು ನಿಮಿಷಗಳು ಅವರ ಆಯುಸ್ಸಿನಲ್ಲಿ ಎಷ್ಟನ್ನು ಕಳೆದುವೆಂದು ಲೆಕ್ಕ ಹಾಕುವ ಗಣಿತ ನನ್ನಲ್ಲಿಲ್ಲ.

ಈಗ ನನ್ನ ಕೈ ಪಳಗಿದೆ. ಎಡಕ್ಕೆ ಆರು, ಬಲಕ್ಕೆ ಇಪ್ಪತ್ತು ಅಂಗುಲ ಬಿಟ್ಟು ಒಂದೇ ಸಲಕ್ಕೆ ಹಟ್ಟಿ ಸೇರುತ್ತೇನೆ, ಯಾರ ಸಹಾಯವೂ ಬೇಕಿಲ್ಲ. ಆದರೂ ಓಣಿಯಲ್ಲಿ ಕಾರಿನ ಸದ್ದು ಕೇಳಿದೊಡನೆ ಹೆಂಡತಿ ಒಲೆಯನ್ನು ಕುಗ್ಗಿಸಿ, ಸೆರಗಿಗೆ ಕೈಯೊರಸಿಕೊಂಡು ಬಂದು ಬಾವಿಯ ಬದಿಯಲ್ಲಿ ನಿಲ್ಲುತ್ತಾಳೆ. ಅವಳು ಬಾಗಿಲಿಗೆ ಎರಡು ಸಲ ಬಡಿಯದೆ ನಾನೂ ಕಾರನ್ನು ಹಿಂದಕ್ಕೆ ಸರಿಸುವುದಿಲ್ಲ.